ರಸ್ತೆ ದಾಟುವ ಮಕ್ಕಳು
ಸಹೋದರಿಯರೇ, ನೆಲಮಂಗಲದ ತುಮಕೂರು ರಸ್ತೆಯಾಗಲಿ, ಹೊಸಕೋಟೆಯ ಕೋಲಾರ ರಸ್ತೆಯಾಗಲಿ, ಹೆದ್ದಾರಿ ದಾಟಿ ಬರಬೇಕಾದ ಮಗು ಹತ್ತು ನಿಮಿಷ ತಡವಾದರೆ ತಾಯಿಯ ಜೀವ ಬಾಯಿಗೆ ಬರುತ್ತದೆ. ಅಪಘಾತವಾದರೆ ‘ತಕ್ದೀರ್’ ಎಂದು ಕಣ್ಣೊರೆಸಿಕೊಂಡು ಸುಮ್ಮನಾಗುತ್ತೇವೆ. ತಕ್ದೀರ್ ನಿಜ. ಆದರೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಮತ್ತೆ ಮತ್ತೆ ಜನ ಬೀಳುತ್ತಿದ್ದರೆ ರಸ್ತೆಯಲ್ಲೂ ತಪ್ಪಿರಬಹುದಲ್ಲವೇ?

ನೀವೇ ಲೆಕ್ಕ ಹಾಕಿ. ಗಂಟೆಗೆ 80 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಏಳು ಮೀಟರ್ ಅಗಲದ ರಸ್ತೆ ದಾಟಲು ಮಗುವಿಗೆ ಏಳು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಲಾರಿ 150 ಮೀಟರ್ ಬಂದಿರುತ್ತದೆ! ಇನ್ನು ಮಗ್ರಿಬ್ ನಂತರದ ಕತ್ತಲಲ್ಲಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದ ಸೈಕಲ್ ಡ್ರೈವರನ ಕಣ್ಣಿಗೆ ಬೀಳುವುದೇ ತೀರಾ ಹತ್ತಿರ ಬಂದ ಮೇಲೆ. ಕಪ್ಪು ಬುರ್ಖಾದ ನಮ್ಮ ಪಾಡೂ ಅದೇ.

ಹಾಗಾಗಿ ಮೊಹಲ್ಲಾದ ಅಪಘಾತಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಜಾಗ ಯಾವುದು, ಎಷ್ಟು ಹೊತ್ತಿಗೆ, ದೀಪವಿತ್ತೇ, ಯಾವ ಕಡೆಯಿಂದ ದಾಟುತ್ತಿದ್ದರು. ಆ ಪಟ್ಟಿ ಲಗತ್ತಿಸಿ ಪಂಚಾಯತಿಗೂ ಪೊಲೀಸ್ ಠಾಣೆಗೂ ಅರ್ಜಿ ಕೊಟ್ಟರೆ ‘ದೀಪ ಹಾಕಿಸಿ’ ಎಂಬ ಮಾತಿಗೆ ತೂಕ ಬರುತ್ತದೆ. ಗುದ್ದಿ ಓಡಿದ ವಾಹನ ಪತ್ತೆಯಾಗದಿದ್ದರೂ, 2022ರ ಏಪ್ರಿಲ್‌ನಿಂದ ಮೃತರ ಮನೆಯವರಿಗೆ 2 ಲಕ್ಷ, ತೀವ್ರ ಗಾಯಗೊಂಡವರಿಗೆ 50,000 ರೂಪಾಯಿ ಪರಿಹಾರವಿದೆ. ತಾಲೂಕು ಕಚೇರಿಯಲ್ಲಿ ವಿಚಾರಿಸಿ.