ಸಾರಥ್ಯವೂ ಪ್ರಹಾರವೂ : ಅಂತರ್ಜಾಲದ ವೇಷದಾಟಗಳಲ್ಲಿ ಸನ್ನಾಹದ ಸಮತೋಲ

೧. ವಿಷಯಪ್ರವೇಶ

ಕನ್ನಡದಲ್ಲಿ 'ಆಟ'ವೆಂಬ ಒಂದೇ ಶಬ್ದವು ಮಕ್ಕಳ ಕ್ರೀಡೆಗೂ ಬಯಲಿನಲ್ಲಿ ವೇಷ ಕಟ್ಟಿ ಕುಣಿಯುವ ದೊಡ್ಡಾಟಕ್ಕೂ ಸಲ್ಲುತ್ತದೆ. ಸಂಸ್ಕೃತದಲ್ಲಿ ಕ್ರೀಡೆ ಬೇರೆ, ರೂಪಕ ಬೇರೆ; ನಮ್ಮ ಭಾಷೆಯು ಎರಡನ್ನೂ ಒಂದೇ ಮನೆಯಲ್ಲಿ ಇರಿಸಿಕೊಂಡಿದೆ. ಗಣಕಯಂತ್ರದ ಮೂಲಕ ದೂರದೂರದ ಜನರು ಕೂಡಿ, ಒಬ್ಬೊಬ್ಬನು ಒಂದೊಂದು ಪಾತ್ರವನ್ನು ಧರಿಸಿ, ರಾಕ್ಷಸಾದಿಗಳೊಡನೆ ಕಾದುವ ಆಟಗಳು ಬಳಕೆಗೆ ಬಂದ ಮೇಲೆ ಈ ಶಬ್ದೈಕ್ಯವು ಮತ್ತಷ್ಟು ಸಾರ್ಥಕವಾಯಿತೆನ್ನಬೇಕು. ಅವು ಕ್ರೀಡೆಗಳೂ ಹೌದು, ವೇಷಗಳೂ ಹೌದು. ಅವನ್ನು ಪ್ರಕೃತ ಲೇಖನದಲ್ಲಿ 'ವೇಷದಾಟ'ಗಳೆಂದು ಕರೆಯುವೆನು.

ನೀರಸಾಗರದ ಸಮೀಪದ ನಮ್ಮ ದುಮ್ಮವಾಡದಲ್ಲಿ ನಾಲ್ವರು ತರುಣರು ಇಂಥದೊಂದು ಆಟವನ್ನು ಕೂಡಿ ಆಡುತ್ತಿದ್ದರು. ಅವರಲ್ಲೊಬ್ಬನು ಹಿಂದೆ ನನ್ನಲ್ಲಿ ಅಮರಕೋಶವನ್ನು ಓದಿದವನು. ಅವನು ಒಂದು ಸಂಜೆ ಬಂದು, "ಗುರುಗಳೇ, ಗೆಳೆಯರು ನನ್ನನ್ನು ಗುಂಪಿನಿಂದ ಬಿಡಿಸಬೇಕೆಂದಿದ್ದಾರೆ. ಲೆಕ್ಕದ ಪಟ್ಟಿಯಲ್ಲಿ ನನ್ನ ಹೊಡೆತವೇ ಎಲ್ಲರಿಗಿಂತ ಕಡಿಮೆ ಬರುತ್ತದೆಯಂತೆ" ಎಂದು ಬೇಸರಪಟ್ಟನು. ಅವನ ಪಾತ್ರವು ಹೊಡೆಯುವದಲ್ಲ. ಗೆಳೆಯರ ಗಾಯಗಳನ್ನು ಮಾಯಿಸಿ, ಅವರ ಬಲವನ್ನು ಹೆಚ್ಚಿಸುವದು. ಬಾಲ್ಯದ ಸ್ನೇಹವು ಒಂದು ಪಟ್ಟಿಯ ಅಂಕೆಯಿಂದ ಮುರಿಯುವದಾದರೆ ಆ ಅಂಕೆಯು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವದಿಲ್ಲವೆಂಬದನ್ನು ಪರೀಕ್ಷಿಸುವದು ಯುಕ್ತವೆಂದು ನನಗೆ ತೋರಿತು. ಆಟದ ವಿವರಗಳನ್ನು ಅವನಿಂದಲೇ ಕಲಿತುಕೊಂಡೆನು; ವಿಚಾರದ ಕ್ರಮವು ಮಾತ್ರ ನನ್ನದು.

೨. ಪರಿಭಾಷೆ

ಇಂಥ ಆಟಗಳಲ್ಲಿ ಪಾತ್ರಗಳು ಮುಖ್ಯವಾಗಿ ಮೂರು. ಶತ್ರುವಿನ ಏಟುಗಳನ್ನು ತನ್ನ ಮೈಮೇಲೆ ತೆಗೆದುಕೊಳ್ಳುವವನು ರಕ್ಷಕನು. ಆಟಗಾರರು ಇವನಿಗೆ 'ಟ್ಯಾಂಕ್' ಎನ್ನುವರು. ಗಾಯಗಳನ್ನು ಮಾಯಿಸುವವನು ಚಿಕಿತ್ಸಕನು, ಅವರ ಮಾತಿನಲ್ಲಿ 'ಹೀಲರ್'. ಶತ್ರುವನ್ನು ಕೆಡಹುವವನು ಪ್ರಹಾರಕನು. ೨೦೦೪ರಲ್ಲಿ ಹೊರಟ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದಲ್ಲಿ ಐವರ ಗುಂಪಿಗೆ ಒಬ್ಬ ರಕ್ಷಕ, ಒಬ್ಬ ಚಿಕಿತ್ಸಕ, ಮೂವರು ಪ್ರಹಾರಕರೆಂಬದು ರೂಢಿ. ೨೦೧೪ರಲ್ಲಿ ಹೊರಟ 'ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್' ಎಂಬ ಆಟದಲ್ಲಿ ಚಿಕ್ಕ ಗುಂಪು ನಾಲ್ವರದು, ದೊಡ್ಡ ಗುಂಪು ಹನ್ನೆರಡು ಜನರದು. ದೊಡ್ಡದರಲ್ಲಿ ಸಾಮಾನ್ಯವಾಗಿ ಇಬ್ಬರು ರಕ್ಷಕರು, ಇಬ್ಬರು ಚಿಕಿತ್ಸಕರು, ಎಂಟು ಜನ ಪ್ರಹಾರಕರು ಇರುವರು.

ಇನ್ನು ಅವರು 'ಗೇರ್' ಎನ್ನುವ ತೊಡಿಗೆ. ಇದಕ್ಕೆ 'ಸನ್ನಾಹ'ವೆಂಬ ಶಬ್ದವು ಒಪ್ಪುವದು. ಅದಕ್ಕೆ ಕವಚವೆಂದೂ ಯುದ್ಧದ ಸಿದ್ಧತೆಯೆಂದೂ ಎರಡರ್ಥಗಳುಂಟು. ಎರಡನೆಯ ಆಟದಲ್ಲಿ ತಲೆ, ಹೆಗಲು, ಎದೆ, ಕೈ, ನಡು, ಕಾಲು, ಅಡಿ ಎಂಬ ೭ ಅಂಗಸ್ಥಾನಗಳು, ಕಂಠಹಾರ ಒಂದು ಉಂಗುರಗಳೆರಡು ಸೇರಿ ೩ ಆಭರಣಸ್ಥಾನಗಳು, ಆಯುಧಕ್ಕೆ ೨, ಅಂತು ೧೨ ಸ್ಥಾನಗಳಿರುತ್ತವೆ. ಒಂದೇ ಹೆಸರಿನ ಐದು ತುಂಡುಗಳನ್ನು ಕೂಡಿ ತೊಟ್ಟಾಗಲೇ ಬಹುತೇಕ ಸನ್ನಾಹಗಳ ಪೂರ್ಣಫಲವು ದೊರೆಯುವದರಿಂದ, ಆಟಗಾರನು ಎರಡು ಐದರ ಸನ್ನಾಹಗಳನ್ನೂ ಒಂದು ಎರಡರ ಸನ್ನಾಹವನ್ನೂ ತೊಡುವದು ವಾಡಿಕೆ. ಇವುಗಳಲ್ಲಿ ಕೆಲವು ತೊಟ್ಟವನ ಏಟನ್ನೇ ಹೆಚ್ಚಿಸುವವು, ಇವು ಪ್ರಹಾರಸನ್ನಾಹಗಳು. ಕೆಲವು ಜೊತೆಯವರ ಬಲವನ್ನು ಹೆಚ್ಚಿಸುವವು, ಇಲ್ಲವೆ ಶತ್ರುವಿನ ಕವಚವನ್ನು ಸಡಿಲಿಸುವವು, ಇವು ಸಹಾಯಸನ್ನಾಹಗಳು. ಸ್ಥಾನಗಳು ಪರಿಮಿತವಾದುದರಿಂದ ಒಂದನ್ನು ತೊಟ್ಟರೆ ಮತ್ತೊಂದನ್ನು ಬಿಡಲೇಬೇಕು. ಪ್ರಶ್ನೆಯು ಇಲ್ಲಿಯೇ ಹುಟ್ಟುವದು.

ಮೀಮಾಂಸಕರು ಯಾಗದ ಅಂಗಗಳನ್ನು ವಿಚಾರಿಸುವಾಗ, ಬತ್ತವನ್ನು ಕುಟ್ಟುವಂತೆ ಯಾಗದ್ರವ್ಯದ ಮೂಲಕ ಉಪಕರಿಸುವವು ಸನ್ನಿಪತ್ಯೋಪಕಾರಕಗಳೆಂದೂ, ಪ್ರಯಾಜಗಳಂತೆ ದ್ರವ್ಯವನ್ನು ಮುಟ್ಟದೆ ಪ್ರಧಾನಕ್ಕೇ ಉಪಕರಿಸುವವು ಆರಾದುಪಕಾರಕಗಳೆಂದೂ ವಿಭಾಗಿಸಿದ್ದಾರೆ. ಜೊತೆಗಾರನ ಆಯುಧಬಲದೊಳಗೆ ಸೇರಿ ಅವನಿಗೆ ನೆರವಾಗುವ ಸನ್ನಾಹವು ಮೊದಲನೆಯದಕ್ಕೆ ಸಮೀಪವಾದದ್ದು. ಯಾರನ್ನೂ ಮುಟ್ಟದೆ ಶತ್ರುವನ್ನು ಕುಗ್ಗಿಸುವದು ಎರಡನೆಯದಕ್ಕೆ. ಎರಡಕ್ಕೂ ಸಮಾನವಾದ ಧರ್ಮವೆಂದರೆ, ಅಂಗಕ್ಕೆ ಬೇರೆ ಫಲವಿಲ್ಲ. ಅದರ ಫಲವು ಪ್ರಧಾನದ ಫಲದಲ್ಲಿಯೇ ಅಡಗಿರುತ್ತದೆ. ಅಂಗವನ್ನು ಒಂಟಿಯಾಗಿ ತೂಗಿ ಹಗುರವೆಂದು ಎಸೆದವನು ಯಾಗವನ್ನೇ ಕೆಡಿಸಿಕೊಳ್ಳುವನು.

೩. ಲೆಕ್ಕದ ಪರೀಕ್ಷೆ

ಕೆಲವು ಅಂಕೆಗಳನ್ನು ಕಲ್ಪಿಸಿಕೊಂಡು ನೋಡುವ. ನಾಲ್ವರ ಗುಂಪಿನಲ್ಲಿ ಇಬ್ಬರು ಪ್ರಹಾರಕರ ಏಟು ತಲಾ ೧೦೦, ಪ್ರಹಾರಸನ್ನಾಹವನ್ನು ತೊಟ್ಟ ಚಿಕಿತ್ಸಕನ ಏಟು ೪೦; ರಕ್ಷಕನದನ್ನು ಬಿಡುವ. ಒಟ್ಟು ೨೪೦. ಚಿಕಿತ್ಸಕನು ಅದನ್ನು ಬಿಟ್ಟು, ಜೊತೆಯವರ ಏಟನ್ನು ನೂರಕ್ಕೆ ಹತ್ತರಂತೆ ಹೆಚ್ಚಿಸುವ ಸಹಾಯಸನ್ನಾಹವನ್ನು ತೊಟ್ಟನೆನ್ನೋಣ. ಅವನ ಏಟು ೨೮ಕ್ಕೆ ಇಳಿಯಿತು. ಪ್ರಹಾರಕರದು ತಲಾ ೧೧೦ ಆಯಿತು. ಒಟ್ಟು ೨೪೮. ಗುಂಪಿಗೆ ೮ರ ಲಾಭವಾಯಿತು. ಆದರೆ ಪಟ್ಟಿಯಲ್ಲಿ ಕಾಣುವದೇನು? ಚಿಕಿತ್ಸಕನ ಪಾಲು ಆರನೆಯ ಒಂದರಿಂದ ಸುಮಾರು ಒಂಬತ್ತನೆಯ ಒಂದಕ್ಕೆ ಕುಸಿದಿದೆ. ಪ್ರಹಾರಕರಿಬ್ಬರೂ ತಮ್ಮ ಕೈಚಳಕವು ಹೆಚ್ಚಿತೆಂದು ಹಿಗ್ಗುತ್ತಿದ್ದಾರೆ. ಕೊಟ್ಟವನ ಹೆಸರಿನಲ್ಲಿ ನಷ್ಟ, ಪಡೆದವರ ಹೆಸರಿನಲ್ಲಿ ಲಾಭ! ದುಮ್ಮವಾಡದ ಜಗಳದ ಮೂಲವು ಇದೇ.

ಅದೇ ಸನ್ನಾಹವನ್ನು ಹನ್ನೆರಡು ಜನರ ಗುಂಪಿನಲ್ಲಿ ತೊಟ್ಟರೆ ಎಂಟು ಪ್ರಹಾರಕರಿಂದ ೮೦ರ ವೃದ್ಧಿ. ತೊಟ್ಟವನ ನಷ್ಟ ೧೨. ನಿವ್ವಳ ಲಾಭ ೬೮. ಎಂದರೆ ಸಹಾಯದ ಬೆಲೆಯು ಅದನ್ನು ಪಡೆಯುವವರ ಸಂಖ್ಯೆಯೊಡನೆ ಬೆಳೆಯುವದು, ತೊಡುವದರ ನಷ್ಟವು ಮಾತ್ರ ಇದ್ದಷ್ಟೇ ಇರುವದು.

ಇನ್ನೊಂದು ಪಕ್ಷವುಂಟು. ನಾಲ್ವರ ಗುಂಪಿನಲ್ಲಿ ಆ ಸನ್ನಾಹವನ್ನು ಚಿಕಿತ್ಸಕನ ಬದಲು ಪ್ರಹಾರಕನೊಬ್ಬನು ತೊಟ್ಟು, ಅವನ ಏಟು ೧೦೦ರಿಂದ ೮೦ಕ್ಕೆ ಇಳಿದರೆ ೨೦ರ ನಷ್ಟ. ಇನ್ನೊಬ್ಬ ಪ್ರಹಾರಕನಿಂದ ಬರುವ ಲಾಭ ೧೦ ಮಾತ್ರ. ಚಿಕಿತ್ಸಕನ ೪೦ಕ್ಕೆ ೪ನ್ನು ಕೂಡಿಸಿದರೂ ಗುಂಪು ೬ರಷ್ಟು ಹಿಂದೆ ಬೀಳುವದು. ಅದೇ ಕವಚವು ಒಬ್ಬನ ಮೈಮೇಲೆ ಲಾಭ, ಮತ್ತೊಬ್ಬನ ಮೈಮೇಲೆ ನಷ್ಟ. ಆದುದರಿಂದ 'ಸಹಾಯವು ಹೆಚ್ಚೋ ಪ್ರಹಾರವು ಹೆಚ್ಚೋ' ಎಂಬ ಪ್ರಶ್ನೆಯೇ ಅಪೂರ್ಣವಾದದ್ದು. ಯಾರು ತೊಟ್ಟರೆ, ಎಷ್ಟು ಜನರಿಗೆ, ಏನನ್ನು ಬಿಟ್ಟು ಎಂಬ ಮೂರನ್ನೂ ಕೂಡಿಸಿಯೇ ಕೇಳತಕ್ಕದ್ದು.

೪. ಸಹಾಯದ ಮೂರು ಎಲ್ಲೆಗಳು

ಸಹಾಯಸನ್ನಾಹಗಳನ್ನು ಎಷ್ಟಾದರೂ ಕೂಡಿಸುತ್ತ ಹೋಗಬಹುದೆಂದು ತಿಳಿಯಬಾರದು. ಮೊದಲನೆಯ ಎಲ್ಲೆಯು ಪುನರುಕ್ತಿ. ಮೇಲಿನ ಎರಡನೆಯ ಆಟದಲ್ಲಿ 'ಮೇಜರ್ ಕರೇಜ್' ಎಂಬ ಬಲವು ಪಡೆದವನ ಆಯುಧಶಕ್ತಿಗೂ ಮಂತ್ರಶಕ್ತಿಗೂ ೪೩೦ನ್ನು ಕೂಡಿಸುವದು. ಇದನ್ನು 'ಸ್ಪೆಲ್ ಪವರ್ ಕ್ಯೂರ್' ಎಂಬ ಸನ್ನಾಹವೂ ಕೊಡುವದು, 'ಒಲೊರೈಮ್' ಎಂಬದೂ ಕೊಡುವದು. ಇಬ್ಬರು ಚಿಕಿತ್ಸಕರು ಇವೆರಡನ್ನೂ ತೊಟ್ಟು ಒಬ್ಬನಿಗೇ ಏಕಕಾಲದಲ್ಲಿ ಕೊಟ್ಟರೆ ೮೬೦ ಆಗದು. ಒಂದೇ ಹೆಸರಿನ ಬಲವು ಇಮ್ಮಡಿಸುವದಿಲ್ಲ. ಒಂದೇ ಅರ್ಥವನ್ನು ಎರಡು ಪರ್ಯಾಯಶಬ್ದಗಳಿಂದ ಹೇಳಿದ ಮಾತ್ರಕ್ಕೆ ಅರ್ಥವು ಎರಡಾಗದಷ್ಟೆ. ಗುಂಪಿನವರು ಮೊದಲೇ ಕೂತು 'ಇದು ನಿನ್ನದು, ಇದು ನನ್ನದು' ಎಂದು ಹಂಚಿಕೊಳ್ಳದಿದ್ದರೆ ಉದಾರಿಯ ತ್ಯಾಗವೂ ವ್ಯರ್ಥವಾಗುವದು.

ಎರಡನೆಯದು ಶತ್ರುವಿನ ಕವಚದ ಎಲ್ಲೆ. ಆ ಆಟದ ಗುಹಾಯುದ್ಧಗಳಲ್ಲಿ ಪ್ರಮುಖ ಶತ್ರುಗಳ ಕವಚಬಲವು ೧೮,೨೦೦. ಅದನ್ನು ಕುಗ್ಗಿಸುವ ಎರಡು ಸಾಮಾನ್ಯ ಉಪಾಯಗಳಲ್ಲಿ ದೊಡ್ಡದು ೫,೯೪೮ನ್ನೂ ಚಿಕ್ಕದು ೨,೯೭೪ನ್ನೂ ಕಳೆಯುವವು, ಕೂಡಿ ೮,೯೨೨. ಉಳಿದದ್ದು ೯,೨೭೮. ಇದನ್ನು ಸಹಾಯಕರ ಬೇರೆ ಸನ್ನಾಹಗಳೂ ಕಳೆಯಬಹುದು, ಪ್ರಹಾರಕನ ಸ್ವಂತ ಭೇದನಶಕ್ತಿಯೂ ಕಳೆಯಬಹುದು. ಆದರೆ ಕವಚವು ಸೊನ್ನೆಗೆ ಬಂದ ಮೇಲೆ ಹೆಚ್ಚಿನ ಭೇದನಕ್ಕೆ ವಿಷಯವೇ ಇಲ್ಲ. ತಿಪ್ಪೆ ಬಿಡಿಸಿದ ಕಾಳನ್ನು ಮತ್ತೆ ಕುಟ್ಟಿದಂತೆ ಅದು. ಸಹಾಯಕರು ಕಡಿಮೆಯಿರುವ ಚಿಕ್ಕ ಗುಂಪಿನಲ್ಲಿ ಪ್ರಹಾರಕನು ಭೇದನವನ್ನು ತಾನೇ ತೊಟ್ಟು ಬರಬೇಕು. ದೊಡ್ಡ ಗುಂಪಿನಲ್ಲಿ ಅದನ್ನು ಬಿಟ್ಟು ಬೇರೆ ಗುಣವನ್ನು ಆರಿಸಿಕೊಳ್ಳಬಹುದು.

ಮೂರನೆಯದು ದೇಶಕಾಲಗಳ ಎಲ್ಲೆ. ಸಹಾಯವು ಸಮೀಪದಲ್ಲಿದ್ದವರಿಗೇ ತಲುಪುವದು, ನಿಯತವಾದ ಕ್ಷಣಗಳಷ್ಟೇ ನಿಲ್ಲುವದು. ಯುದ್ಧದ ಅರ್ಧಕಾಲ ಮಾತ್ರ ನಿಂತ ಬಲದ ಬೆಲೆಯನ್ನು ಅರ್ಧವೆಂದೇ ಎಣಿಸಬೇಕು. ಇನ್ನು ಪ್ರಹಾರಕನು ಸತ್ತು ಬಿದ್ದಿದ್ದರೆ ಅವನಿಗೆ ಕೊಟ್ಟ ಬಲಕ್ಕೆ ಆಶ್ರಯವೇ ಇಲ್ಲ. ಆದುದರಿಂದ ಗುಂಪು ಬದುಕಿ ನಿಲ್ಲುವಷ್ಟು ಚಿಕಿತ್ಸೆ ಮೊದಲು; ಬಲವನ್ನು ಹೆಚ್ಚಿಸುವದು ಅದರ ಮೇಲೆ.

೫. ಭಾರತದ ದೃಷ್ಟಾಂತ

ತಾಯಿಯ ಕಡೆಯಿಂದ ಅಣ್ಣಿಗೇರಿಯ ಸಂಬಂಧವುಳ್ಳ ಪಂಪನೂ, ಕೋಳಿವಾಡದವನೆಂದು ಪ್ರಸಿದ್ಧನಾದ ಕುಮಾರವ್ಯಾಸನೂ ಕನ್ನಡಿಸಿದ ಭಾರತಕಥೆಯು ನಮ್ಮ ಧಾರವಾಡ ಸೀಮೆಯವರಿಗೆ ಮನೆಯ ಕಥೆಯೇ ಆಗಿದೆ. ಅದರ ಉದ್ಯೋಗಪರ್ವದಲ್ಲಿ ಈ ಪ್ರಶ್ನೆಯು ಸ್ಪಷ್ಟವಾಗಿ ಬಂದಿರುತ್ತದೆ. ಒಂದು ಕಡೆಗೆ ನಾರಾಯಣಸೇನೆ, ಇನ್ನೊಂದು ಕಡೆಗೆ ಆಯುಧವನ್ನು ಹಿಡಿಯದ ಕೃಷ್ಣನೊಬ್ಬನು. ಸೇನೆಯು ತನಗೆ ಉಳಿದುದಕ್ಕೆ ದುರ್ಯೋಧನನು ಸಂತೋಷಪಟ್ಟನು. ಅವನು ನೋಡಿದ್ದು ಪ್ರಹಾರದ ಪಟ್ಟಿಯನ್ನು. ಅರ್ಜುನನು ಆರಿಸಿಕೊಂಡದ್ದು ಪಟ್ಟಿಯಲ್ಲಿ ಸೊನ್ನೆಯಾಗಿ ಕಾಣುವ ಸಾರಥ್ಯವನ್ನು. ಕರ್ಣನು ಬಿಟ್ಟ ಸರ್ಪಾಸ್ತ್ರವು ಬಂದಾಗ ಕೃಷ್ಣನು ರಥವನ್ನು ನೆಲಕ್ಕೆ ಒತ್ತಿದನು. ಕೊರಳಿಗೆ ಬಂದದ್ದು ಕಿರೀಟಕ್ಕೆ ಹೋಯಿತು. ಆ ಮೇಲೆ ಅರ್ಜುನನು ಬಿಟ್ಟ ಬಾಣಗಳೆಲ್ಲವೂ ಅರ್ಜುನನ ಹೆಸರಿನಲ್ಲಿಯೇ ಇವೆ. ಆದರೆ ಆ ಒಂದು ಒತ್ತು ಇಲ್ಲದಿದ್ದರೆ ಅವುಗಳಲ್ಲಿ ಒಂದೂ ಇರುತ್ತಿರಲಿಲ್ಲ.

ಸಾರಥಿ ಎಂಬ ಹೆಸರು ಮಾತ್ರ ಸಾಲದೆಂಬದಕ್ಕೆ ಶಲ್ಯನೇ ಸಾಕ್ಷಿ. ಅಶ್ವವಿದ್ಯೆಯಲ್ಲಿ ಅವನು ಕೃಷ್ಣನಿಗೆ ಕಡಿಮೆಯಲ್ಲವೆಂದೇ ಕರ್ಣನು ಅವನನ್ನು ಬೇಡಿದನು. ಆದರೆ ಅವನು ಕರ್ಣನ ತೇಜಸ್ಸನ್ನು ಕುಂದಿಸುವೆನೆಂದು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟಿದ್ದನು. ಸನ್ನಾಹವು ಮೈಮೇಲಿದ್ದರೂ ಅದರ ಬಲವು ಜೊತೆಗಾರನಿಗೆ ಮುಟ್ಟದಿದ್ದರೆ ಫಲವು ಇಷ್ಟೇ.

ನಮ್ಮ ದೊಡ್ಡಾಟದಲ್ಲಿಯೂ ಸಾರಥಿಯೆಂಬ ಪಾತ್ರವುಂಟು. ಅವನಿಗೆ ಭುಜಕೀರ್ತಿಯ ಬೆಡಗಿಲ್ಲ, ಕೈಯಲ್ಲಿ ಬಿಲ್ಲಿಲ್ಲ. ರಂಗಕ್ಕೆ ಬಂದ ವೀರನನ್ನು 'ತಾವು ಯಾರು, ಎಲ್ಲಿಯವರು' ಎಂದು ಕೇಳುವವನು ಅವನೇ. ಆ ಪ್ರಶ್ನೆಯಿಂದಲೇ ವೀರನ ಪರಾಕ್ರಮವು ಮಾತಾಗಿ ಹೊರಡುವದು. ಊರಿನ ಹುಡುಗರೆಲ್ಲರೂ ಕಿರೀಟವನ್ನೇ ಬೇಡಿದರೆ ಸಾರಥಿಯೂ ಇಲ್ಲ, ಮದ್ದಳೆ ತಾಳಗಳ ಹಿಮ್ಮೇಳವೂ ಇಲ್ಲ, ಆಟವೇ ಇಲ್ಲ. ಎಲ್ಲರೂ ಹಿಮ್ಮೇಳಕ್ಕೆ ಕೂತರೂ ಅಷ್ಟೇ.

೬. ಉಪಸಂಹಾರ

ಪ್ರಹಾರದ ಪಟ್ಟಿಯ ದೋಷವನ್ನು ಆಟಗಳನ್ನು ಬಲ್ಲವರೂ ಗುರುತಿಸಿದ್ದಾರೆ. ೨೦೨೩ರಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದ ಎವೋಕರ್ ಎಂಬ ವರ್ಗಕ್ಕೆ, ಜೊತೆಯವರ ಏಟನ್ನು ಹೆಚ್ಚಿಸುವದೇ ಮುಖ್ಯ ಕಾರ್ಯವಾಗಿರುವ 'ಆಗ್‌ಮೆಂಟೇಶನ್' ಎಂಬ ಹೊಸ ಶಾಖೆಯನ್ನು ಸೇರಿಸಲಾಯಿತು. ಆಗ, ಅವನಿಂದ ಹೆಚ್ಚಿದ ಅಂಶವನ್ನು ಹೊಡೆದವನ ಲೆಕ್ಕದಿಂದ ತೆಗೆದು ಅವನ ಲೆಕ್ಕಕ್ಕೆ ಬರೆಯುವ ಕ್ರಮವು ಬೇಕಾಯಿತು.

ನಮ್ಮ ತರುಣರಿಗೆ ನಾನು ಸೂಚಿಸಿದ ಉಪಾಯವು ಇದಕ್ಕಿಂತ ಸುಲಭವಾದದ್ದು: ಯಾರು ಎಷ್ಟು ಹೊಡೆದರೆಂದು ಬರೆಯುವದನ್ನು ಬಿಟ್ಟು, ಶತ್ರುವು ಎಷ್ಟು ಹೊತ್ತಿನಲ್ಲಿ ಬಿದ್ದನೆಂಬದನ್ನು ಮಾತ್ರ ಬರೆಯಿರಿ, ಒಂದು ಸಲ ಚಿಕಿತ್ಸಕನು ಪ್ರಹಾರಸನ್ನಾಹದಲ್ಲಿರಲಿ, ಒಂದು ಸಲ ಸಹಾಯಸನ್ನಾಹದಲ್ಲಿರಲಿ. ಕೆಲವು ದಿನಗಳ ಮೇಲೆ ಅವರು ನಾಲ್ವರೂ ಕೂಡಿಯೇ ನಮ್ಮ ಕಟ್ಟೆಗೆ ಬಂದರು. ಅವನು ಸಹಾಯಸನ್ನಾಹವನ್ನು ತೊಟ್ಟಾಗಲೇ ಶತ್ರುವು ಬೇಗ ಬೀಳುತ್ತಿದ್ದನಂತೆ. ಆದರೆ ಪ್ರಹಾರಕರಲ್ಲೊಬ್ಬನು ಅದನ್ನು ನೋಡಿ ತಾನೂ ಸಹಾಯಕನಾಗಲು ಹೋದಾಗ ತಡವಾಯಿತಂತೆ. ಎರಡೂ ಮೇಲಿನ ಲೆಕ್ಕಕ್ಕೆ ಸರಿಯಾದವೇ.

ಸಂಗ್ರಹವಾಗಿ ಹೇಳುವದಾದರೆ: ಮೊದಲು ಬದುಕುವಷ್ಟು ರಕ್ಷಣೆ, ಬಳಿಕ ಯಾರ ಸ್ವಂತ ಏಟು ಕಡಿಮೆಯೋ ಅವನಿಗೆ ಸಹಾಯಸನ್ನಾಹ, ಒಂದೇ ಬಲವು ಇಬ್ಬರಲ್ಲಿ ಬೇಡ, ಗುಂಪು ಚಿಕ್ಕದಾದಷ್ಟು ಪ್ರಹಾರದ ಕಡೆಗೂ, ದೊಡ್ಡದಾದಷ್ಟು ಸಹಾಯದ ಕಡೆಗೂ ಒಲವಿರಲಿ, ಪರೀಕ್ಷೆಯು ಒಟ್ಟು ಫಲದಿಂದ ಆಗಲಿ.

ಮಲ್ಲಿನಾಥನ ವ್ಯಾಖ್ಯಾನದ ನೆರವಿನಿಂದ ಕಾಳಿದಾಸನನ್ನು ಓದಿದವರೂ, ಅದನ್ನು ಮಕ್ಕಳಿಗೆ ಓದಿಸಿ ಅವರ ಅಂಕೆಗಳನ್ನು ಅವರ ಹೆಸರಿನಲ್ಲಿಯೇ ಬರೆಯುವವರೂ ಆದ ನಮ್ಮ ವಾಚಕರಿಗೆ ಈ ನ್ಯಾಯವು ಹೊಸದಾಗಿ ತೋರಲಿಕ್ಕಿಲ್ಲ.