ಹೊಸ ಕಣದ ಚಪ್ಪಡಿ ಏಕೆ ಅಲುಗಾಡುತ್ತದೆ?

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ಮಣ್ಣಿನ ಕಣ ಬಿಟ್ಟು ಕಲ್ಲಿನ ಕಣ ಮಾಡಿಸುತ್ತಿರುವುದು ಸಂತೋಷದ ವಿಷಯ. ಆದರೆ ಮಳೆ ನಿಂತ ಮೇಲೆ ಹಾಸಿದ ಚಪ್ಪಡಿಗಳು ಕಾಫಿ ಹರಡುವ ಹೊತ್ತಿಗೆ ಕಾಲಿಟ್ಟಲ್ಲೆಲ್ಲಾ ಕಟಕಟ ಎನ್ನುತ್ತವೆ ಎಂಬ ದೂರೂ ಕೇಳಿಬರುತ್ತದೆ. ಬೈಗುಳ ಬೀಳುವುದು ಸಾಮಾನ್ಯವಾಗಿ ಸಿಮೆಂಟಿಗೆ. ಅದರ ತಪ್ಪಿರುವುದು ಅಪರೂಪ.

ಎದ್ದ ಚಪ್ಪಡಿಯೊಂದನ್ನು ಮಗುಚಿ ಬೆನ್ನು ನೋಡಬೇಕು. ತೊಳೆದಿಟ್ಟಂತೆ, ಗಾರೆಯ ಗುರುತೇ ಇಲ್ಲದಿದ್ದರೆ ಗಾರೆ ಕಲ್ಲನ್ನು ಹಿಡಿದೇ ಇಲ್ಲವೆಂದು ಅರ್ಥ. ಗ್ರಾನೈಟಿನಂತಹ ಗಟ್ಟಿ ಕಲ್ಲು ನೀರು ಹೀರುವುದು ತೀರಾ ಕಡಿಮೆ. ಯಂತ್ರದಲ್ಲಿ ಕೊಯ್ದದ್ದಾದರೆ ಬೆನ್ನೂ ನುಣುಪು. ಸಾಲದ್ದಕ್ಕೆ ಕೊಯ್ಯುವಾಗಿನ ಕಲ್ಲುಹುಡಿ ಒಣಗಿ ಮೆತ್ತಿಕೊಂಡಿರುತ್ತದೆ. ಗಾರೆ ಆ ಹುಡಿಗೆ ಅಂಟುತ್ತದೆಯೇ ಹೊರತು ಕಲ್ಲಿಗಲ್ಲ. ಮರಳುಗಲ್ಲಿನಂತಹ ನೀರು ಹೀರುವ ಕಲ್ಲಿನದು ಬೇರೆ ಕಥೆ. ಬಿಸಿಲಿಗೆ ಕಾದ ಒಣಕಲ್ಲು ಗಾರೆಯ ನೀರನ್ನೆಲ್ಲ ಎಳೆದುಕೊಂಡು, ಸಿಮೆಂಟ್ ಗಟ್ಟಿಯಾಗಲು ಬೇಕಾದ ನೀರೇ ಉಳಿಯುವುದಿಲ್ಲ.

ಬೆನ್ನಿನಲ್ಲಿ ಐದು ಉಂಡೆಗಳ ಗುರುತು ಕಂಡರೆ ಕಾರಣ ಹುಡುಕುವ ಕೆಲಸವೇ ಇಲ್ಲ. ನಾಲ್ಕು ಮೂಲೆಗೊಂದು, ನಡುವಿಗೊಂದು ಗಾರೆಯ ಉಂಡೆ ಇಟ್ಟು ಕಲ್ಲು ಕೂರಿಸಿದರೆ ಮಟ್ಟ ಬೇಗ ಸಿಗುತ್ತದೆ, ಮೇಸ್ತ್ರಿಗೂ ಅನುಕೂಲ. ಉಂಡೆಗಳ ನಡುವೆ ಟೊಳ್ಳು ಉಳಿಯುತ್ತದೆ. ಸಂದಿಯಿಂದ ಇಳಿದ ನೀರು ಅಲ್ಲಿ ನಿಲ್ಲುತ್ತದೆ. ಮೂಟೆ ಹೊತ್ತವರ ಭಾರಕ್ಕೆ ಉಂಡೆ ಒಂದೊಂದಾಗಿ ಪುಡಿಯಾಗುತ್ತದೆ.

ಇದರ ನಷ್ಟ ಕಲ್ಲಿನದಷ್ಟೇ ಅಲ್ಲ. ಸಡಿಲ ಸಂದಿಯಲ್ಲಿ ಸಿಕ್ಕಿಕೊಂಡ ಬೀಜ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಮರುದಿನ ಬಾಚುವಾಗ ಅದು ಒಳ್ಳೆಯ ಕಾಫಿಯೊಡನೆ ಸೇರುತ್ತದೆ. ರುಚಿ ನೋಡುವವರ ನಾಲಗೆಗೆ ಅದು ತಪ್ಪುವುದಿಲ್ಲ.

ಆದ್ದರಿಂದ ಕಲ್ಲಿನ ಬೆನ್ನನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಸಿರಿ. ಹೀರುವ ಕಲ್ಲಾದರೆ ನೆನೆಸಿ, ಮೇಲಿನ ನೀರು ಆರಿದ ಮೇಲೆ ಬಳಸಿರಿ. ಸಿಮೆಂಟನ್ನು ನೀರಿನಲ್ಲಿ ಕದಡಿ ಮೊಸರಿನ ಹದಕ್ಕೆ ತಂದು ಬೆನ್ನಿಗೆ ಪೂರಾ ಬಳಿದು, ಅದು ಹಸಿಯಿರುವಾಗಲೇ ಕಲ್ಲನ್ನು ಗಾರೆಯ ಮೇಲೆ ಕೂರಿಸಬೇಕು. ಈ ಒಂದು ಕೆಲಸಕ್ಕೆ ತಗಲುವ ಸಿಮೆಂಟ್ ಅಲ್ಪ, ಉಳಿಸುವುದು ಬಹಳ. ಗಾರೆ ಒಂದಕ್ಕೆ ನಾಲ್ಕು, ಮಣ್ಣಿಲ್ಲದ ಮರಳಿನದು, ಕಲ್ಲಿನ ಅಡಿಯಲ್ಲೆಲ್ಲಾ ಒಂದೇ ಸಮ ಇರಲಿ. ಕಲಸಿದ್ದನ್ನು ಅರ್ಧ ಗಂಟೆಯಲ್ಲಿ ಮುಗಿಸಿರಿ. ಬಿಗಿದ ಗಾರೆಗೆ ಮತ್ತೆ ನೀರು ಹಾಕಿ ಕಲಸುವುದನ್ನು ಕಂಡರೆ ಮುಲಾಜಿಲ್ಲದೆ ತಡೆಯಿರಿ. ಹೊಸದಾಗಿ ಮಣ್ಣು ತುಂಬಿದ ಜಾಗವಾದರೆ ದಮ್ಮಸ್ಸು ಮಾಡಿ ಜಲ್ಲಿ ಕಾಂಕ್ರೀಟು ಹಾಕದೆ ಚಪ್ಪಡಿ ಬೇಡವೇ ಬೇಡ. 60 ಅಡಿಗೆ 1 ಅಡಿಯಷ್ಟು ಇಳಿಜಾರು ಇರಲಿ. ಹಾಸಿದ ಮೇಲೆ ಒದ್ದೆ ಗೋಣಿ ಹೊದಿಸಿ 7 ದಿನ ನೀರುಣಿಸಬೇಕು. ಮೊದಲ ಎರಡು ದಿನ ಆಳು, ದನ, ನಾಯಿ ಯಾವುದೂ ಹತ್ತಬಾರದು. (ನಾಯಿಗೆ ಹೇಳುವುದು ಕಷ್ಟವೆಂದು ಬಲ್ಲೆವು.)

ಈಗಾಗಲೇ ಎದ್ದಿರುವ ಕಲ್ಲಿನ ಸಂದಿಗೆ ಸಿಮೆಂಟ್ ನೀರು ಸುರಿದರೆ ಪ್ರಯೋಜನವಿಲ್ಲ. ಅದು ಟೊಳ್ಳನ್ನು ತುಂಬುವುದಿಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅಷ್ಟನ್ನೇ ಎಬ್ಬಿಸಿ, ಹಳೆಯ ಗಾರೆ ಕೆತ್ತಿ ತೆಗೆದು ಹೊಸದಾಗಿ ಕೂರಿಸಬೇಕು. ಕೊಯ್ಲು ಶುರುವಾಗಿಬಿಟ್ಟಿದ್ದರೆ ಆ ಭಾಗದಲ್ಲಿ ಈ ವರ್ಷ ಕಾಫಿ ಹರಡದೆ ಬಿಡಿ; ಸುಲಿಯದ ಅಡಿಕೆಯನ್ನು ತಾಡಪಾಲಿನ ಮೇಲೆ ಒಣಗಿಸಲು ಅಡ್ಡಿಯಿಲ್ಲ.