ಅರ್ಧ ಮೈಲಿಯ ಓಟಕ್ಕೆ ಒಂದು ಚಳಿಗಾಲ

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ ಪ್ರೆಸ್ಕಟ್ ಎಂಬ ಗುಡ್ಡವೊಂದಿದೆ. ಎತ್ತರವೇನೂ ಹೆಚ್ಚಲ್ಲ, ಚಾಮುಂಡಿ ಬೆಟ್ಟವನ್ನು ಹತ್ತಿಳಿದವರು ಅದನ್ನು ದಿಣ್ಣೆಯೆಂದೇ ಕರೆದಾರು. ಅದರ ಮೈಮೇಲೆ ಮರಗಳ ನಡುವೆ ಬಳುಕಿಕೊಂಡು ಏರುವ ಕಿರಿದಾದ ಹಾದಿಯೊಂದುಂಟು. 1937ರಲ್ಲಿ ಬುಗಾಟಿ ಕಾರುಗಳ ಒಡೆಯರ ಸಂಘ ಈ ಸ್ಥಳವನ್ನು ಕೊಂಡುಕೊಂಡಿತು. ಮರುವರ್ಷದಿಂದ, ಯುದ್ಧದ ವರ್ಷಗಳನ್ನುಳಿದು, ಅಲ್ಲಿ ಗುಡ್ಡವೇರುವ ಕಾರುಪಂದ್ಯ ನಡೆದುಬಂದಿದೆ. ಮೊದಲಿನ ಗಿಡ್ಡ ಹಾದಿಯ ಉದ್ದ 880 ಗಜ, ಎಂದರೆ ಸರಿಯಾಗಿ ಅರ್ಧ ಮೈಲಿ. ಕಾರುಗಳು ಒಂದೊಂದಾಗಿ ಹೊರಡುತ್ತವೆ. ಪಕ್ಕದಲ್ಲಿ ಎದುರಾಳಿಯಿಲ್ಲ, ಗಡಿಯಾರವೊಂದೇ ಎದುರಾಳಿ.

1934ರಲ್ಲಿ ಸ್ಥಾಪಿತವಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಸದಸ್ಯರು ಬೇಸಿಗೆಯಲ್ಲಿ ಇಲ್ಲಿ ಸೇರಿದಾಗ ತೋಪಿನ ತುಂಬ ಹಳೆಯ ಕಾರುಗಳ ಜಾತ್ರೆ. ಈ ಸಂಘದ ಲೆಕ್ಕದಲ್ಲಿ 1930ರ ಕೊನೆಯೊಳಗೆ ತಯಾರಾದ ಕಾರು ಮಾತ್ರ 'ವಿಂಟೇಜ್' ಎನ್ನಿಸಿಕೊಳ್ಳುತ್ತದೆ. ಬುಗಾಟಿ, ಬೆಂಟ್ಲಿಗಳಂಥ ಶ್ರೀಮಂತ ವಾಹನಗಳ ನಡುವೆ, ಮದುವೆಯ ಮನೆಗೆ ಬಂದ ಬಡ ನೆಂಟನಂತೆ, ಮೊಳಕಾಲೆತ್ತರದ ಪುಟ್ಟ ಕಾರುಗಳೂ ಸಾಲುಗಟ್ಟಿ ನಿಂತಿರುತ್ತವೆ. ಅವು ಆಸ್ಟಿನ್ ಸೆವೆನ್. ನಮ್ಮ ಹಿರಿಯರು 'ಬೇಬಿ ಆಸ್ಟಿನ್' ಎಂದು ಪ್ರೀತಿಯಿಂದ ಕರೆಯುತ್ತಿದ್ದ ಕಾರು. ಶ್ರೀಮಂತನ ಕಾರನ್ನು ಕೂಲಿಗೆ ನಿಂತ ಕುಶಲಿಗಳು ಸಿದ್ಧಪಡಿಸುತ್ತಾರೆ. ಆಸ್ಟಿನ್ನನ್ನು ಬಹುಮಟ್ಟಿಗೆ ಅದರ ಒಡೆಯನೇ ತನ್ನ ಮನೆಯ ಷೆಡ್ಡಿನಲ್ಲಿ ಸಿದ್ಧಪಡಿಸುತ್ತಾನೆ. ಹವ್ಯಾಸಿ ಎಂಬ ಮಾತಿಗೆ ನಿಜವಾದ ಅರ್ಥವನ್ನು ಕಾಣಬೇಕಾದರೆ ಅವನ ಷೆಡ್ಡಿಗೇ ಹೋಗಬೇಕು.

ಈ ಕಾರಿನ ಹುಟ್ಟೂ ಹವ್ಯಾಸದಂತೆಯೇ ಆಯಿತು. 1921ರಲ್ಲಿ ಹರ್ಬರ್ಟ್ ಆಸ್ಟಿನ್ನರ ಕಂಪನಿ ಸಾಲದಲ್ಲಿ ಮುಳುಗಿ, ಆಡಳಿತ ಅನ್ಯರ ಕೈಗೆ ಹೋಗಿತ್ತು. ಸಾಮಾನ್ಯ ಸಂಸಾರಿ ಕೊಳ್ಳಬಲ್ಲ ಪುಟ್ಟ ಕಾರನ್ನು ತಯಾರಿಸೋಣವೆಂದರೆ ನಿರ್ದೇಶಕರು ಒಪ್ಪಲಿಲ್ಲ. ಆಸ್ಟಿನ್ ಛಲ ಬಿಡದೆ, ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ಹರೆಯದ ನಕ್ಷೆಗಾರನನ್ನು ಕರೆದುಕೊಂಡು, ತಮ್ಮ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿಯೇ ನಕ್ಷೆ ಬರೆಯಿಸಿದರು. 1922ರಲ್ಲಿ ಹೊರಬಂದ ಆ ಕಾರಿನ ಗಾಲಿಯಿಂದ ಗಾಲಿಗೆ ಅಂತರ ಆರು ಅಡಿ ಮೂರು ಅಂಗುಲ. ನಾಲ್ಕು ಸಿಲಿಂಡರುಗಳ ಒಟ್ಟು ಅಳತೆ, ಕೆಲವೇ ದಿನಗಳಲ್ಲಿ ನಿಂತಂತೆ, 747 ಘನ ಸೆಂಟಿಮೀಟರು. ಶಕ್ತಿ ಹತ್ತು ಅಶ್ವಗಳಿಗಿಂತ ತುಸು ಹೆಚ್ಚು. ನಕ್ಕವರೇನೂ ಕಡಮೆಯಿರಲಿಲ್ಲ. ಆದರೆ 1939ರವರೆಗೆ ಸುಮಾರು 2 ಲಕ್ಷ 90 ಸಾವಿರ ಕಾರುಗಳು ಮಾರಾಟವಾದುವು. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ ಮಾರಿದ ಮೊದಲ ಕಾರು ಕೂಡ, ಪರವಾನಗಿ ಪಡೆದು ತಯಾರಿಸಿದ ಆಸ್ಟಿನ್ ಸೆವೆನ್ನೇ.

ಸಂಸಾರಿಗಳ ಈ ಕಾರು ಪಂದ್ಯಕ್ಕಿಳಿಯಲು ತಡವಾಗಲಿಲ್ಲ. ಆಸ್ಟಿನ್ನರ ಅಳಿಯ ಆರ್ಥರ್ ವೇಟ್ 1923ರಲ್ಲಿಯೇ ಇಟಲಿಯ ಮೋನ್ಜಾದಲ್ಲಿ ಸಣ್ಣ ಕಾರುಗಳ ಪಂದ್ಯ ಗೆದ್ದರು. 1929ರಲ್ಲಿ ಅಲ್ಸ್ಟರಿನ ಟೂರಿಸ್ಟ್ ಟ್ರೋಫಿಯಲ್ಲಿ ದೈತ್ಯ ಮರ್ಸಿಡಿಸ್ಸು ಮೊದಲು ಬಂದರೆ, ಆಸ್ಟಿನ್ನುಗಳು ಮೂರನೆಯ, ನಾಲ್ಕನೆಯ ಸ್ಥಾನಗಳನ್ನು ಪಡೆದುವು. ಅಂದಿನಿಂದ ಅದರ ಪಂದ್ಯದ ಮಾದರಿಗೆ 'ಅಲ್ಸ್ಟರ್' ಎಂದೇ ಹೆಸರು. ಮರುವರ್ಷ ಬ್ರೂಕ್‌ಲ್ಯಾಂಡ್ಸಿನ ಐನೂರು ಮೈಲಿಯ ಓಟವನ್ನು ಅದು ಗಂಟೆಗೆ 83 ಮೈಲಿಗೂ ಮೀರಿದ ಸರಾಸರಿಯಲ್ಲಿ ಗೆದ್ದಿತು.

ಇಂಥ ಕಾರನ್ನು ಇಂದು ಓಡಿಸಬೇಕೆನ್ನುವವನ ಮೊದಲ ಚಿಂತೆ ಕ್ರ್ಯಾಂಕ್ ದಂಡದ್ದು. ಪಿಸ್ಟನ್ನುಗಳ ಮೇಲೆ-ಕೆಳಗೆ ಆಟವನ್ನು ತಿರುಗಾಟವಾಗಿ ಮಾರ್ಪಡಿಸುವ ಈ ದಂಡಕ್ಕೆ ಇಂದಿನ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಐದು ಕಡೆ ಆಸರೆಯಿರುತ್ತದೆ. ಆಸ್ಟಿನ್ನಿನಲ್ಲಿ, 1936ರವರೆಗೆ, ಎರಡೇ ಕಡೆ: ಹಿಂದೊಂದು, ಮುಂದೊಂದು. ಎರಡು ಗೋಡೆಗಳ ನಡುವೆ ಇಟ್ಟ ಗಳುವಿನ ಮೇಲೆ ಒದ್ದೆ ಸೀರೆ ಹರವಿದರೆ ನಡು ಬಾಗುವುದಿಲ್ಲವೆ? ಹಾಗೆಯೇ ವೇಗ ಹೆಚ್ಚಿದಂತೆ ಈ ದಂಡವೂ ತಿರುಗುತ್ತಲೇ ಬಾಗುತ್ತದೆ. ನಿಮಿಷಕ್ಕೆ 2400 ಸುತ್ತಿಗಾಗಿ ಹುಟ್ಟಿದ ಯಂತ್ರವನ್ನು ಪಂದ್ಯದಲ್ಲಿ ಐದು ಸಾವಿರಕ್ಕೂ ಮೇಲೆ ಓಡಿಸಿದರೆ ಒಂದಲ್ಲ ಒಂದು ದಿನ ಅದು ಮುರಿಯದೆ ಇರದು. ಮುರಿದ ದಂಡ ಒಂಟಿಯಾಗಿ ಹೋಗುವುದಿಲ್ಲ. ಕಳಚಿದ ರಾಡು ಅಲ್ಯೂಮಿನಿಯಮ್ಮಿನ ಹೊರಗೂಡನ್ನು ಒಡೆದು ಹೊರಬರುತ್ತದೆ. ತೊಂಬತ್ತು ವರ್ಷದ ಹಿಂದೆ ಎರಕ ಹೊಯ್ದ ಆ ಗೂಡು ಚೂರಾದ ಮೇಲೆ ಯಾರಿಂದ ತರುವುದು?

ಇಲ್ಲಿ ಹವ್ಯಾಸಿಗಳಲ್ಲಿ ಒಂದು ಹಳೆಯ ಜಗಳವಿದೆ. ಗಟ್ಟಿ ಉಕ್ಕಿನಿಂದ ಇಂದು ಹೊಸದಾಗಿ ಕಡೆದ ದಂಡಗಳು ಸಿಗುತ್ತವೆ. ಅದನ್ನು ಹಾಕಿದರೆ ಕಾರು ಹಳೆಯದಾಗಿ ಉಳಿಯಿತೆ? ದಂಡ ಹೊಸದು, ರಾಡು ಹೊಸದು, ಪಿಸ್ಟನ್ನು ಹೊಸದು. ಮೈತಗಡನ್ನೂ ಹೊಸದಾಗಿ ಬಡಿಸಿದ್ದಾಯಿತು. ಇನ್ನುಳಿದದ್ದು ಹೆಸರು ಮಾತ್ರ ಎನ್ನುತ್ತಾರೆ ಮಡಿವಂತರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅದಕ್ಕಾಗಿಯೇ ಸಂಘದವರು ಪ್ರತಿ ಕಾರಿನ ಮುಖ್ಯ ಭಾಗಗಳ ಪೂರ್ವೋತ್ತರಗಳನ್ನು ಬರೆಯಿಸಿಕೊಂಡು ದಾಖಲೆ ಕೊಡುತ್ತಾರೆ. ಆದರೂ ಹೊಸ ದಂಡ ಹಾಕುವವನೇ ಹಳೆಯ ಕಾರಿನ ನಿಜವಾದ ಹಿತೈಷಿ ಎನ್ನಬೇಕು. ಹಳೆಯ ಗೂಡು ಉಳಿಯುವುದು ಅವನಿಂದ. ಹಳೆಯದನ್ನೇ ಹಾಕಿ ಓಡಿಸುತ್ತೇನೆನ್ನುವವನು ಪಂದ್ಯಕ್ಕೆ ಹೋಗದೆ ಮೆರವಣಿಗೆಗೆ ಹೋಗುವುದು ಲೇಸು.

ಹಬ್ಬದ ಮುನ್ನಾದಿನ ಕಾರಿಗೆ ಎಣ್ಣೆ ಬಿಟ್ಟು ಒರೆಸಿದರೆ ತಯಾರಿಯಾಯಿತೆಂದು ತಿಳಿಯಬಾರದು. ಶರತ್ಕಾಲದ ಕೊನೆಯ ಪಂದ್ಯ ಮುಗಿಯುತ್ತಲೇ ಯಂತ್ರ ಕೆಳಗಿಳಿಯುತ್ತದೆ. ಅದರ ತೂಕ ಎಷ್ಟು ಕಡಮೆಯೆಂದರೆ ಇಬ್ಬರು ಸೇರಿ ಎತ್ತಿಬಿಡಬಹುದು. ಚಳಿಗಾಲದ ಸಂಜೆಗಳೆಲ್ಲ ಅದರ ಮುಂದೆಯೇ. ಮೊದಲು ಬಿರುಕಿನ ಪರೀಕ್ಷೆ. ಮುಂದಿನ ಅಚ್ಚು, ಸ್ಟಿಯರಿಂಗಿನ ತೋಳು, ಕ್ರ್ಯಾಂಕ್ ದಂಡ ಇವುಗಳಿಗೆ ಅಯಸ್ಕಾಂತದ ಶಕ್ತಿ ಹಾಯಿಸಿ, ನಯವಾದ ಕಬ್ಬಿಣದ ಪುಡಿ ಬೆರೆಸಿದ ದ್ರವವನ್ನು ಸುರಿಯುತ್ತಾರೆ. ಕಣ್ಣಿಗೆ ಕಾಣದ ಬಿರುಕಿನ ಬಾಯಲ್ಲಿ ಪುಡಿ ಗುಂಪುಗೂಡಿ ಸಣ್ಣ ಗೆರೆಯಾಗಿ ನಿಲ್ಲುತ್ತದೆ. ಆ ಗೆರೆ ಕಂಡಿತೆಂದರೆ ಆ ಭಾಗದ ಆಯುಷ್ಯ ತೀರಿತು, ಮರುಮಾತಿಲ್ಲ. ಸ್ಟಿಯರಿಂಗಿನ ತೋಳು ತಿರುವಿನಲ್ಲಿ ಮುರಿದರೆ ಹೋಗುವುದು ಕಾರಲ್ಲ, ಕೂತವನ ಪ್ರಾಣ.

ಅನಂತರ ಅಕ್ಕಸಾಲಿಗನ ಕೆಲಸ. ನಾಲ್ಕು ರಾಡುಗಳನ್ನೂ ನಾಲ್ಕು ಪಿಸ್ಟನ್ನುಗಳನ್ನೂ ತಕ್ಕಡಿಯಲ್ಲಿಟ್ಟು, ಭಾರವಾದುದನ್ನು ಅರದಿಂದ ಸವೆಸಿ, ನಾಲ್ಕನ್ನೂ ಸಮತೂಕಕ್ಕೆ ತರಬೇಕು. ಸಿಲಿಂಡರಿನ ಮುಚ್ಚಳವನ್ನು ತುಸು ಸವೆಸಿದರೆ ಒಳಗಿನ ಒತ್ತಡ ಹೆಚ್ಚಿ ಶಕ್ತಿ ಏರುತ್ತದೆ. ಆದರೆ ನಾಲ್ಕು ಕೋಣೆಗಳಲ್ಲಿಯೂ ಒಂದೇ ಅಳತೆ ಇರಬೇಡವೆ? ಮುಚ್ಚಳವನ್ನು ಬೋರಲು ಹಾಕಿ, ಗೆರೆ ಹಾಕಿದ ಗಾಜಿನ ನಳಿಕೆಯಿಂದ ದ್ರವವನ್ನು, ಒಳಲೆಯಲ್ಲಿ ಕೂಸಿಗೆ ಔಷಧಿ ಹಾಕುವ ತಾಯಿಯ ಎಚ್ಚರದಿಂದ ತುಂಬಿ ಅಳೆಯುತ್ತಾರೆ. ವಾಲ್ವುಗಳನ್ನು ಅವುಗಳ ಪೀಠದ ಮೇಲೆ ಮರಳುಮಿಶ್ರ ಲೇಪ ಹಚ್ಚಿ ಕೈಯಿಂದ ತಿಕ್ಕಿ ಕೂಡಿಸಬೇಕು. ದಂಡದ ತುದಿಗೆ ಕೂಡುವ ಭಾರವಾದ ಫ್ಲೈವ್ಹೀಲನ್ನೂ ಹಾಗೆಯೇ ತಿಕ್ಕಬೇಕು. ಅಲ್ಲಿ ಒಂದು ಕೂದಲೆಳೆಯಷ್ಟು ಸಡಿಲವಿದ್ದರೂ ಮೊದಲ ಹಾರಿಕೆಯಲ್ಲಿಯೇ ಬೆಣೆ ಕತ್ತರಿಸಿಹೋಗುತ್ತದೆ.

ಈ ಯಂತ್ರದ ಎಣ್ಣೆಯ ವ್ಯವಸ್ಥೆಯಂತೂ ಕೇಳಿದವರಿಗೆ ನಗೆ ತರಿಸೀತು. ಇಂದಿನ ಯಂತ್ರದಲ್ಲಿ ಎಣ್ಣೆ ಒತ್ತಡದಿಂದ ಪ್ರತಿ ಬೇರಿಂಗಿಗೂ ನುಗ್ಗುತ್ತದೆ. ಸಾಮಾನ್ಯ ಆಸ್ಟಿನ್ನಿನಲ್ಲಿ ಎರಡು ಸಣ್ಣ ತೂತುಗಳಿಂದ ಎಣ್ಣೆ ಚಿಮ್ಮುತ್ತದೆ; ತಿರುಗುವ ದಂಡ ಅದನ್ನು ಹಾರಿಹಾರಿ ಹಿಡಿದುಕೊಳ್ಳಬೇಕು. 'ಉಗುಳು, ಮತ್ತೆ ದೇವರ ಮೇಲೆ ಭಾರ ಹಾಕು' ಎಂದು ಬಲ್ಲವರು ಈ ಕ್ರಮವನ್ನು ಹಾಸ್ಯ ಮಾಡುವುದುಂಟು. ತೂತಿನಲ್ಲಿ ಕಸ ಕೂತರೆ ಬೇರಿಂಗಿನ ಬಿಳಿಲೋಹ ಕರಗಿ ಹರಿಯುತ್ತದೆ. ಆದ್ದರಿಂದ ಜಾಣನಾದ ಒಡೆಯ ಪಂದ್ಯಕ್ಕೆ ಮುನ್ನ ಗೂಡಿನ ಪಕ್ಕದ ಬಿರಡೆ ಬಿಚ್ಚಿ, ತಂತಿ ತೂರಿಸಿ ಆ ತೂತುಗಳನ್ನು ಶುದ್ಧ ಮಾಡುವುದನ್ನು ಮರೆಯುವುದಿಲ್ಲ. ಅಲ್ಸ್ಟರ್ ಮಾದರಿಯಲ್ಲಿ ಮಾತ್ರ ಒತ್ತಡದ ವ್ಯವಸ್ಥೆಯನ್ನು ಮಾಡಿದ್ದರು.

ಎಣ್ಣೆಯ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಹಳೆಯ ಪಂದ್ಯದ ಕಾರುಗಳ ಸುತ್ತ ಒಂದು ವಿಚಿತ್ರ ಸುವಾಸನೆ ಸುಳಿಯುತ್ತಿರುತ್ತದೆ. ಅದಕ್ಕಾಗಿ ಹಾತೊರೆಯುವ ರಸಿಕರೂ ಇದ್ದಾರೆ. ಅದು ಬೇರೇನಲ್ಲ, ನಮ್ಮ ಹರಳೆಣ್ಣೆ! ಬಾಲ್ಯದಲ್ಲಿ ಭಾನುವಾರದ ಬೆಳಗ್ಗೆ ಮೂಗು ಹಿಡಿದು ಅದನ್ನು ಕುಡಿದವರಿಗೆ ನಂಬಿಕೆ ಬಾರದು. ಬಿಸಿಯೇರಿದ ಲೋಹಕ್ಕೆ ಅಂಟಿಕೊಂಡು ನಿಲ್ಲುವುದರಲ್ಲಿ ಅದನ್ನು ಮೀರಿಸಿದ ಎಣ್ಣೆ ಆ ಕಾಲದಲ್ಲಿರಲಿಲ್ಲ. ಕ್ಯಾಸ್ಟ್ರಾಲ್ ಎಂಬ ಹೆಸರಿನ ಮೂಲವೂ ಇದೇ. ಆದರೆ ಇದು ಖನಿಜ ತೈಲದೊಡನೆ ಕೂಡದು. ಯಂತ್ರದಲ್ಲಿ ಹಾಗೆಯೇ ಬಿಟ್ಟರೆ ಅಂಟಾಗಿ ಗಟ್ಟಿಯಾಗುತ್ತದೆ. ಓಟ ಮುಗಿದ ಮೇಲೆ ಬಸಿದು ತೆಗೆಯದ ಸೋಮಾರಿಗೆ ಮುಂದಿನ ತಿಂಗಳು ಪಶ್ಚಾತ್ತಾಪ ಕಾದಿರುತ್ತದೆ.

ಬ್ರೇಕುಗಳ ವಿಷಯವನ್ನು ಹೆಚ್ಚು ಬೆಳೆಸದಿರುವುದೇ ಮೇಲು. 1930ರವರೆಗೆ ಕಾಲಿನ ಪೆಡಲು ಹಿಂದಿನ ಗಾಲಿಗಳನ್ನೂ ಕೈಯ ಸನ್ನೆ ಮುಂದಿನ ಗಾಲಿಗಳನ್ನೂ ಹಿಡಿಯುತ್ತಿದ್ದುವು. ಎಲ್ಲವೂ ತಂತಿಹಗ್ಗದ ಎಳೆತ. ಪಂದ್ಯಕ್ಕಾಗಿ ಹಗ್ಗಗಳನ್ನು ಹೊಸದು ಮಾಡಿ ಸಮವಾಗಿ ಬಿಗಿಯದಿದ್ದರೆ ಕಾರು ನಿಲ್ಲುವ ಬದಲು ಪಕ್ಕಕ್ಕೆ ತಿರುಗುತ್ತದೆ. ಕಡ್ಡಿಯ ಗಾಲಿಗಳನ್ನು ಪರೀಕ್ಷಿಸುವ ಕ್ರಮ ಸೊಗಸಾದದ್ದು. ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿಯನ್ನು ತಟ್ಟಿ ಕಿವಿಗೊಡಬೇಕು. ಬಿಗಿಯಾದ ಕಡ್ಡಿ ನಾದ ಕೊಡುತ್ತದೆ. ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ತಂಬೂರಿಯ ಶ್ರುತಿ ಕೂಡಿಸಬಲ್ಲವರಿಗೆ ಈ ಕೆಲಸ ಸುಲಭವಾದೀತು.

ಇಷ್ಟೆಲ್ಲ ಪಾಡು ಪಡುವವರು ಯಾರು? 1939ರಲ್ಲಿ ಬಿಲ್ ಬಾಡಿ ಎಂಬ ಪತ್ರಕರ್ತರ ಪ್ರೇರಣೆಯಿಂದ ಆಸ್ಟಿನ್ ಸೆವೆನ್ನಿನ ಅಭಿಮಾನಿಗಳಿಗೆಂದೇ '750 ಮೋಟಾರ್ ಕ್ಲಬ್' ಹುಟ್ಟಿತು. ಯುದ್ಧಾನಂತರ ಅದನ್ನು ಬೆಳೆಸಿದವರಲ್ಲಿ ಮುಖ್ಯರಾದ ಹಾಲೆಂಡ್ ಬರ್ಕೆಟ್ ವೃತ್ತಿಯಿಂದ ಪಶುವೈದ್ಯರು. ಸಂಬಳದಲ್ಲಿ ಬದುಕುವವನೂ ಮೋಟಾರು ಪಂದ್ಯದಲ್ಲಿ ಪಾಲುಗೊಳ್ಳುವಂತಾಗಬೇಕೆಂಬುದು ಅವರ ಆಸೆ. ಗುಜರಿಯಲ್ಲಿ ಕೆಲವೇ ಪೌಂಡುಗಳಿಗೆ ಸಿಗುತ್ತಿದ್ದ ಹಳೆಯ ಆಸ್ಟಿನ್ನಿನ ಅಡಿಗಟ್ಟು, ಯಂತ್ರಗಳಿಂದ ಕಾರು ಕಟ್ಟಿ ಸ್ಪರ್ಧಿಸುವ ನಿಯಮಾವಳಿಯೊಂದು ರೂಪುಗೊಂಡಿತು. ಲಂಡನ್ನಿನ ಕಾಲಿನ್ ಚಾಪ್ಮನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ, ಹಳೆಯ ಕಾರುಗಳ ವ್ಯಾಪಾರದಲ್ಲಿ ಮಾರಾಟವಾಗದೆ ಉಳಿದ ಆಸ್ಟಿನ್ನೊಂದನ್ನು ಪ್ರೇಯಸಿಯ ತಂದೆಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಬಿಚ್ಚಿ, 1948ರಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದ; ಅದೇ ಮೊದಲ ಲೋಟಸ್. ಮುಂದೆ 1951ರಲ್ಲಿ, ಎರಡೆರಡು ಸಿಲಿಂಡರುಗಳಿಗೆ ಜಂಟಿಯಾಗಿದ್ದ ಉಸಿರುದಾರಿಯೊಳಗೆ ಅಡ್ಡಗೋಡೆಯಿಟ್ಟು ಒಂದೊಂದಕ್ಕೂ ಬೇರೆಬೇರೆ ದಾರಿ ಮಾಡಿಕೊಟ್ಟ. ಕಾರು ಎಲ್ಲರನ್ನೂ ಹಿಂದೆ ಹಾಕಿತು. ಮರುವರ್ಷದ ಹೊತ್ತಿಗೆ ನಿಯಮವನ್ನೇ ತಿದ್ದಿ ಆ ಉಪಾಯಕ್ಕೆ ತಡೆ ಹಾಕಬೇಕಾಯಿತು!

ದೂರದ ನ್ಯೂಜಿಲೆಂಡಿನಲ್ಲಿಯೂ ಒಂದು ಅಲ್ಸ್ಟರ್ ಇತ್ತು. ಆಕ್ಲೆಂಡಿನ ರೆಮುಯೆರಾದಲ್ಲಿ ಪೆಟ್ರೋಲು ಬಂಕು, ಗ್ಯಾರೇಜು ನಡೆಸುತ್ತಿದ್ದ ಲೆಸ್ ಮೆಕ್ಲಾರೆನ್ 1929ರ ಮಾದರಿಯ ಆ ಕಾರನ್ನು ಬಿಚ್ಚಿದ ತುಣುಕುಗಳಾಗಿಯೇ ಕೊಂಡು ತಂದರು. ಅವರ ಮಗ ಬ್ರೂಸ್ ಬಾಲ್ಯದಲ್ಲಿ ಸೊಂಟದ ಕೀಲಿನ ರೋಗದಿಂದ ಬಹುಕಾಲ ಹಾಸಿಗೆ ಹಿಡಿದಿದ್ದ ಹುಡುಗ. ಒಂದು ಕಾಲು ತುಸು ಗಿಡ್ಡವಾಗಿ, ಕುಂಟು ಕಡೆಯವರೆಗೂ ಉಳಿಯಿತು. ಓಡಿ ಆಡಲಾರದ ಮಗನೂ ತಂದೆಯೂ ಕೂಡಿ ಆ ತುಣುಕುಗಳನ್ನು ಜೋಡಿಸಿದರು. 1952ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಬ್ರೂಸ್ ಮುರಿವಾಯ್ ಎಂಬಲ್ಲಿ ಮೊದಲ ಬಾರಿಗೆ ಗುಡ್ಡವೇರಿದ್ದು ಅದೇ ಕಾರಿನಲ್ಲಿ. ಏಳು ವರ್ಷಗಳ ಅನಂತರ ಅಮೆರಿಕದ ಗ್ರ್ಯಾಂಡ್ ಪ್ರಿಯನ್ನು ಗೆದ್ದಾಗ, ಅಂಥ ಪಂದ್ಯ ಗೆದ್ದವರಲ್ಲೆಲ್ಲ ಅವನೇ ಕಿರಿಯ. 1970ರಲ್ಲಿ ಗುಡ್‌ವುಡ್ಡಿನಲ್ಲಿ ಹೊಸ ಕಾರೊಂದನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ಮಡಿದ. ಆಗ ವಯಸ್ಸು ಮೂವತ್ತೆರಡು. ಆ ಪುಟ್ಟ ಆಸ್ಟಿನ್ ಇಂದಿಗೂ ಉಳಿದಿದೆ.

ಮತ್ತೆ ಪ್ರೆಸ್ಕಟ್ಟಿಗೆ ಬರೋಣ. ಬೆಳಗ್ಗೆ ಪರೀಕ್ಷಕರು ಬಂದು ಪ್ರತಿಯೊಂದು ಗಾಲಿಯನ್ನೂ ಹಿಡಿದು ಅಲುಗಿಸುತ್ತಾರೆ. ವೇಗದ ಪೆಡಲಿನಿಂದ ಕಾಲು ತೆಗೆದರೆ ಅದು ತಾನಾಗಿ ಹಿಂದಕ್ಕೆ ಬರುವುದೇ, ಪೆಟ್ರೋಲು ಎಲ್ಲಾದರೂ ಜಿನುಗುವುದೇ, ಬ್ಯಾಟರಿ ಬಿಗಿಯಾಗಿದೆಯೇ ಎಂದು ನೋಡುತ್ತಾರೆ. ಆಸ್ಟಿನ್ನಿನ ಸರದಿ ಬರುತ್ತದೆ. ಅದರ ಕ್ಲಚ್ಚು ಕೂದಲೆಳೆಯಷ್ಟರಲ್ಲಿ ಹಿಡಿಯುವಂಥದು. ಅಭ್ಯಾಸವಿಲ್ಲದವನು ಕಾರನ್ನು ಹೊರಡುವ ಗೆರೆಯಲ್ಲಿಯೇ ನಿಲ್ಲಿಸಿಬಿಡುತ್ತಾನೆ. ಹೊರಡುವ ಅಪ್ಪಣೆ ಸಿಕ್ಕ ಮೇಲೆ ಮುಂದಕ್ಕೆ ಹಾರಿ, ಹಣ್ಣಿನ ತೋಟದ ಪಕ್ಕದ ತಿರುವನ್ನು ದಾಟಿ, ಪಾರ್ಡನ್ ಎಂಬ ಹೇರ್‌ಪಿನ್ ತಿರುವಿನಲ್ಲಿ ಒಳಗಿನ ಗಾಲಿ ನೆಲ ಬಿಟ್ಟು, ಗೇರು ಕಿರುಗುಟ್ಟಿ, ಎಡಕ್ಕೂ ಬಲಕ್ಕೂ ಓಲಾಡಿ, ಕೊನೆಯ ಅರ್ಧವರ್ತುಲವನ್ನೇರಿ ಕಣ್ಮರೆಯಾಗುತ್ತದೆ. ಒಂದು ನಿಮಿಷ ತುಂಬುವುದರೊಳಗೆ ಎಲ್ಲವೂ ಮುಗಿದಿರುತ್ತದೆ. ಧ್ವನಿವರ್ಧಕ ಅವನ ಕಾಲವನ್ನು ಸೆಕೆಂಡಿನ ನೂರನೆಯ ಭಾಗದವರೆಗೆ ಸಾರುತ್ತದೆ. ಅವನು ಇಳಿದು ಬಂದು ಯಂತ್ರ ಆರುವವರೆಗೆ ಕಾದು, ಸ್ಪಾರ್ಕ್ ಪ್ಲಗ್ಗೊಂದನ್ನು ಬಿಚ್ಚಿ ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಾನೆ. ಮಸಿಯಿಲ್ಲ, ಹದವಾದ ಕಂದು. ಮಧ್ಯಾಹ್ನ ಇನ್ನೊಂದು ಓಟವಿದೆ. ಅಷ್ಟರಲ್ಲಿ ಬ್ರೇಕಿನ ಎಡಗಡೆಯ ಹಗ್ಗವನ್ನು ಅರ್ಧ ಸುತ್ತು ಬಿಗಿಯಬೇಕು.